ಬಾವುಟಗುಡ್ಡೆಯ 13 ದಿನ: ಚರಿತ್ರೆಯಿಂದ ಹಾಡಿನ ಆಲ್ಬಂ ಕಟ್ಟುವ ಬಗೆ

ಕರಾವಳಿಯ ಚರಿತ್ರೆಯನ್ನೆಲ್ಲ ಒಂದೇ ಆಲ್ಬಂಗೆ ತುರುಕಬೇಡಿ. ಒಂದು ಘಟನೆ ಸಾಕು. 1837ರ ಅಮರ ಸುಳ್ಯ ದಂಗೆಯನ್ನೇ ತೆಗೆದುಕೊಳ್ಳಿ. ಏಪ್ರಿಲ್ 5ರಂದು ರೈತರ ದಂಡು ಮಂಗಳೂರಿಗೆ ಬಂದು, ಬಾವುಟಗುಡ್ಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿತು. 13 ದಿನ ಊರು ಅವರ ಕೈಯಲ್ಲಿತ್ತು. ಏಳು ಹಾಡು, ಒಟ್ಟು 30ರಿಂದ 35 ನಿಮಿಷಕ್ಕೆ ಇಷ್ಟು ಧಾರಾಳ.

ಸಾಹಿತ್ಯಕ್ಕೆ ಮೊದಲು ಒಂದು ಹಾಳೆ ತೆಗೆದು, ಪ್ರತಿ ಹಾಡನ್ನು ಯಾರು ಹಾಡುತ್ತಾರೆ, ಅವರ ಕೈಯಲ್ಲಿ ಏನಿದೆ ಎಂದಷ್ಟೇ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಇಸವಿಯಿಂದ ಶುರುವಾದ ಪಲ್ಲವಿ ಪಾಠವಾಗುತ್ತದೆ, ಇಸವಿ ಆಲ್ಬಂ ಜೊತೆಗಿನ ಪುಸ್ತಿಕೆಯಲ್ಲಿರಲಿ.

1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದರು. ಹಾಡಿನಲ್ಲಿ ಇದನ್ನು ವಿವರಿಸಲು ಹೋಗಬೇಡಿ. ಮನೆಯೊಡತಿ ಅಕ್ಕಿಮುಡಿ, ಅಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ, ಬಿಚ್ಚಿ ಅಳೆಯಲಿ. ಮುಡಿಗೆ 42 ಸೇರು, ಯಕ್ಷಗಾನದ ತ್ರಿವುಡೆ ತಾಳದ ಒಂದು ಆವರ್ತಕ್ಕೆ (ಸುತ್ತಿಗೆ) 7 ಅಕ್ಷರ, ಅಂದರೆ ಎಣಿಕೆ: ಅಕ್ಷರಕ್ಕೊಂದು ಸೇರಿನಂತೆ ಆರು ಆವರ್ತಕ್ಕೆ ಮುಡಿ ಬರಿದು. ನಿಮಿಷಕ್ಕೆ 70 ಅಕ್ಷರದ ನಡೆಯಲ್ಲಿ ಇದು 36 ಸೆಕೆಂಡ್. ಎಣಿಕೆ ಮುಗಿದ ಜಾಗದಲ್ಲಿ ಒಂದು ಆವರ್ತ ಸುಮ್ಮನಿರಿ. ಅಲ್ಲಿ ಚೆಂಡೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ.

ದಂಡು ನಡೆಯುವ ಹಾಡಿಗೆ ಗದ್ದೆ ನಾಟಿಯಲ್ಲಿ ಹಾಡುವ ತುಳು ಹಾಡು ಓಬೇಲೆಯ ಕಟ್ಟು ಒಪ್ಪುತ್ತದೆ: ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಕೂಡಿಸುತ್ತಾರೆ. ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದ ಧಾಟಿಯನ್ನು ಮಾತ್ರ ಹಾಡುವವರನ್ನು ಕೇಳದೆ ಎತ್ತಿಕೊಳ್ಳಬೇಡಿ. ಒಪ್ಪಿದರೆ ಸಂಭಾವನೆ ಕೊಟ್ಟು ಹೆಸರು ಹಾಕಿ.

ಶ್ರುತಿ ಮೊದಲೇ ಗಟ್ಟಿ ಮಾಡಿ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಎರಡು ಎಂದು ನಿಶ್ಚಯಿಸಿ ಮದ್ದಳೆ ಕೂಡಿಸಿದ ಮೇಲೆ ಗಾಯಕರು ಬಿಳಿ ಒಂದಕ್ಕೆ ಇಳಿದರೆ ಆ ಮದ್ದಳೆ ಕೆಲಸಕ್ಕೆ ಬರುವುದಿಲ್ಲ. ರೆಕಾರ್ಡಿಂಗ್ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ; ಮಳೆಗಾಲದ ತೇವಕ್ಕೆ ಚರ್ಮ ಸಡಿಲಿ ಗಂಟೆಗೊಮ್ಮೆ ಶ್ರುತಿ ಇಳಿಯುತ್ತದೆ, ಹಂಚಿನ ಮೇಲಿನ ಹನಿ ಸದ್ದು ಮೈಕಿಗೆ ಬೀಳುತ್ತದೆ. ರೆಕಾರ್ಡರ್ ಅನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಟ್ಟು, ಅತಿ ಜೋರಾದ ಪೆಟ್ಟೂ ಅದರ ಮೀಟರ್‌ನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿ. ದನಿಗೆ ಮೈಕ್ ಒಂದು ಗೇಣು ದೂರ, ಚೆಂಡೆಗೆ ಒಂದರಿಂದ ಒಂದೂವರೆ ಮೀಟರ್. ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಿಡಿದರೆ ದನಿಯ ಮೈಕಿನಲ್ಲೂ ಚೆಂಡೆಯೇ ಕೂತಿರುತ್ತದೆ, ಆಮೇಲೆ ಬಿಡಿಸಲಾಗದು.

ಮಿಕ್ಸ್ ಆದ ಮೇಲೆ ಅಗ್ಗದ ಮೊಬೈಲ್ ಸ್ಪೀಕರ್‌ನಲ್ಲಿ ಅಕ್ಕಿ ಅಳೆಯುವ ಹಾಡು ಕೇಳಿ. ನಲವತ್ತೆರಡನೆಯ ಸೇರು ಸ್ಪಷ್ಟವಾಗಿ ಕೇಳಿಸದಿದ್ದರೆ ತಂಬೂರಿಯನ್ನು ಇನ್ನೂ ತಗ್ಗಿಸಿ.