ನಿಮ್ಮ ಗಾಡಿಗೆ ಎಂಜಿನ್ ಆಯಿಲ್ ಎಷ್ಟು ಲೀಟರ್? ಕ್ಯಾನ್ ಕೊಳ್ಳುವ ಮೊದಲು ಹೀಗೆ ನೋಡಿಕೊಳ್ಳಿ

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಹತ್ತಿರ ಬಂತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಡಿ ಸರ್ವೀಸ್ ಮಾಡಿಸುವ ಗಡಿಬಿಡಿ ಶುರುವಾಗುತ್ತದೆ. ಆಯಿಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಯಾವ ಕಂಪನಿದು ಒಳ್ಳೇದು’ ಅಂತ. ಎಷ್ಟು ಬೇಕು ಅಂತ ಕೇಳುವವರು ಕಡಿಮೆ. ಕಾರಿಗೆ ಮೂರೂವರೆ ಲೀಟರಿನ ಕ್ಯಾನ್, ಬೈಕಿಗೆ ಒಂದು ಲೀಟರಿನ ಬಾಟಲಿ ಕೈಗೆ ಬರುತ್ತದೆ. ದುಡ್ಡು ಕೊಟ್ಟು ತಂದಿದ್ದು ಸುಮ್ನೆ ಯಾಕೆ ಉಳಿಸಬೇಕು ಅಂತ ಪೂರ್ತಿ ಸುರಿದುಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾನ್ ಮೇಲಿರುವುದು ಮಾರಾಟದ ಅಳತೆ. ನಿಮ್ಮ ಎಂಜಿನ್‌ಗೆ ಹಿಡಿಸುವ ಅಳತೆಯನ್ನು ಗಾಡಿ ತಯಾರಿಸಿದವರು ಬೇರೆಯಾಗಿಯೇ ಬರೆದಿಟ್ಟಿರುತ್ತಾರೆ. ಪುಸ್ತಕದ ಅಂಕಿ ನೋಡಿ ಆಯಿಲ್ ಕೊಳ್ಳಿ, ಕಡ್ಡಿ (ಎಂಜಿನ್ನಿನಲ್ಲಿ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್) ನೋಡಿ ಆಯಿಲ್ ಹಾಕಿ. ಇಷ್ಟನ್ನು ಹೇಗೆ ಮಾಡುವುದು ಅಂತ ಕೆಳಗೆ ಹೇಳಿದ್ದೇನೆ.

ಹೆಚ್ಚು ಕಡಿಮೆಯಾದರೆ ಏನಾಗುತ್ತದೆ?

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವ ಗಾಡಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೇರುತ್ತದೆ. ಅಂಕೋಲಾ, ಯಲ್ಲಾಪುರದ ನಡುವೆ ಅರಬೈಲ್ ಘಟ್ಟ ಇದೆ, ಕಾರವಾರದಿಂದ ಜೋಯಿಡಾ ಕಡೆ ಹೋದರೆ ಅಣಶಿ ಘಟ್ಟ. ಇಂಥ ಏರಿನಲ್ಲಿ, ತಿರುವಿನಲ್ಲಿ ಎಂಜಿನ್ ತಳದ ಚೇಂಬರಿನಲ್ಲಿರುವ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಅಳತೆ ಸರಿ ಇದ್ದರೆ ಪರವಾಗಿಲ್ಲ, ಆಯಿಲ್ ಪಂಪಿನ ಬಾಯಿ ಆಗಲೂ ಮುಳುಗಿಯೇ ಇರುತ್ತದೆ. ಕಡಿಮೆ ಇದ್ದರೆ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ. ತಿರುವಿನಲ್ಲಿ ಕೆಂಪು ಆಯಿಲ್ ದೀಪ ಒಂದು ಕ್ಷಣ ಮಿನುಗಿ ಆರಿತು ಅಂದರೆ ಬೇರಿಂಗ್‌ಗಳಿಗೆ ಅಷ್ಟು ಹೊತ್ತು ಆಯಿಲ್ ಸರಿಯಾಗಿ ಹೋಗಿಲ್ಲ ಅಂತ ಅರ್ಥ. ದೀಪ ಕಂಡ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು, ಘಟ್ಟ ಹತ್ತಿದ ಮೇಲೆ ನೋಡೋಣ ಅನ್ನಬಾರದು.

ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರು ಬಹಳ ಜನ. ಒಳ್ಳೆಯದಲ್ಲ. ಮಟ್ಟ ಮೇಲೆ ಬಂದಾಗ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲ್‌ಗೆ ಬಡಿಯುತ್ತದೆ, ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಆಯಿಲ್ ಪ್ರೆಶರ್ ನಿಲ್ಲುವುದಿಲ್ಲ. ಅಂದರೆ ಜಾಸ್ತಿ ಹಾಕಿಯೂ ಕಡಿಮೆ ಹಾಕಿದಷ್ಟೇ ತೊಂದರೆ. ಇದರ ಜೊತೆಗೆ ಸೀಲ್‌ಗಳಲ್ಲಿ ಜಿನುಗುವುದು, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಆಯಿಲ್ ಬರುವುದು, ಸೈಲೆನ್ಸರಿನಲ್ಲಿ ನೀಲಿ ಹೊಗೆ, ಎಲ್ಲ ಶುರುವಾಗುತ್ತವೆ.

ಮೊದಲು ನಿಮ್ಮ ಎಂಜಿನ್ ಯಾವುದು ಅಂತ ಪಕ್ಕಾ ಮಾಡಿಕೊಳ್ಳಿ

ಗಾಡಿಯ ಹೆಸರು ಹೇಳಿದರೆ ಸಾಲದು. ಸ್ವಿಫ್ಟ್ ಅಂದರೆ 1.2 ಲೀಟರಿನ ಪೆಟ್ರೋಲ್ ಕೂಡ ಇದೆ, 1.3 ಲೀಟರಿನ ಡೀಸೆಲ್ ಕೂಡ ಇದೆ. ಬೊಲೆರೊದಲ್ಲಿ 2.5 ಲೀಟರಿನ ಹಳೇ ಎಂಜಿನ್ ಒಂದು, ಆಮೇಲೆ ಬಂದ 1.5 ಲೀಟರಿನದು ಇನ್ನೊಂದು. 2020ರ ಏಪ್ರಿಲ್ 1ರಿಂದ ಬಿಎಸ್6 (ಗಾಡಿ ಹೊಗೆಯ ಮಾಲಿನ್ಯ ಮಿತಿಯ ನಿಯಮ) ಬಂದ ಮೇಲೆ ಅದೇ ಹೆಸರಿನ ಗಾಡಿಗಳಲ್ಲೂ ಎಂಜಿನ್ ಬದಲಾಗಿರಬಹುದು, ಆಯಿಲ್ ದರ್ಜೆಯೂ ಬದಲಾಗಿರಬಹುದು. ಹಾಗಾಗಿ ಆರ್‌ಸಿ ತೆಗೆದು ಇಂಧನ, ಸಿಸಿ, ತಯಾರಾದ ತಿಂಗಳು ಮತ್ತು ವರ್ಷ, ಎಂಜಿನ್ ನಂಬರ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಆರ್‌ಸಿಯ ಎಂಜಿನ್ ನಂಬರನ್ನು ಎಂಜಿನ್ ಮೇಲೆ ಕೊರೆದಿರುವ ನಂಬರಿನ ಜೊತೆ ತಾಳೆ ನೋಡಿ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ‘1.2 ಲೀಟರ್ ಎಂಜಿನ್’ ಅಂದಾಗ ಆ ಲೀಟರಿಗೂ ಆಯಿಲ್‌ಗೂ ಸಂಬಂಧ ಇಲ್ಲ. ಅದು ಸಿಲಿಂಡರುಗಳ ಒಳಗಿನ ಜಾಗದ ಅಳತೆ. ಸಿಸಿ ನೋಡಿ ಆಯಿಲ್ ಲೆಕ್ಕ ಹಾಕಲು ಬರುವುದಿಲ್ಲ.

ಅಂಕಿ ಹುಡುಕುವುದು ಎಲ್ಲಿ, ಓದುವುದು ಹೇಗೆ?

ಗಾಡಿಯ ಜೊತೆ ಬಂದ ಓನರ್ಸ್ ಮ್ಯಾನುಯಲ್ ಎಲ್ಲಕ್ಕಿಂತ ಮೇಲು. ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಅಳತೆಗಳ ಪಟ್ಟಿ ಇರುತ್ತದೆ. ಪುಸ್ತಕ ಕಳೆದುಹೋಗಿದ್ದರೆ ಬಹಳಷ್ಟು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ಅದನ್ನು ಪಿಡಿಎಫ್ ಮಾಡಿ ಇಟ್ಟಿವೆ. ಅದೂ ಸಿಗಲಿಲ್ಲವೆಂದರೆ ಶೋರೂಮಿನ ಸರ್ವೀಸ್ ವಿಭಾಗಕ್ಕೆ ಫೋನ್ ಮಾಡಿ, ಚಾಸಿ ನಂಬರ್ ಹೇಳಿ ಕೇಳಿ. ಆಯಿಲ್ ಕಂಪನಿಗಳ ವೆಬ್‌ಸೈಟಿನಲ್ಲೂ ಗಾಡಿ ಆರಿಸಿ ಆಯಿಲ್ ಹುಡುಕುವ ಸೌಲಭ್ಯ ಇರುತ್ತದೆ, ಆದರೆ ಅಲ್ಲಿ ಸಿಕ್ಕ ಅಂಕಿಯನ್ನು ಇನ್ನೊಂದು ಕಡೆ ತಾಳೆ ನೋಡದೆ ನಂಬಬೇಡಿ.

ಪಟ್ಟಿ ಸಿಕ್ಕಿತು ಅಂದುಕೊಳ್ಳಿ. ಆಯಿಲ್ ಎದುರು ಒಂದೇ ಅಂಕಿ ಇರುವುದಿಲ್ಲ, ಎರಡೋ ಮೂರೋ ಇರುತ್ತವೆ, ಜನ ಎಡವುವುದು ಇಲ್ಲಿಯೇ. ಕಾರಿನ ಪಟ್ಟಿಯಲ್ಲಿ ‘ಫಿಲ್ಟರ್ ಬದಲಿಸಿದರೆ’ ಅಂತ ಒಂದು, ‘ಫಿಲ್ಟರ್ ಬದಲಿಸದಿದ್ದರೆ’ ಅಂತ ಇನ್ನೊಂದು. ಫಿಲ್ಟರಿನ ಒಳಗೇ ಕಾಲು ಲೀಟರಿನ ಆಸುಪಾಸು ಆಯಿಲ್ ನಿಲ್ಲುತ್ತದೆ, ಅದಕ್ಕೆ ಈ ವ್ಯತ್ಯಾಸ. ಬೈಕ್, ಸ್ಕೂಟರಿನ ಪುಸ್ತಕದಲ್ಲಿ ‘ಡ್ರೈನ್ ಮಾಡಿದಾಗ’ ಅಂತ ಒಂದು ಅಂಕಿ, ‘ಎಂಜಿನ್ ಬಿಚ್ಚಿದಾಗ’ ಅಂತ ಅದಕ್ಕಿಂತ ದೊಡ್ಡ ಅಂಕಿ ಇನ್ನೊಂದು. ಡ್ರೈನ್ ಬೋಲ್ಟ್ ತೆಗೆದು ಎಷ್ಟು ಹೊತ್ತು ಬಿಟ್ಟರೂ ಹಳೇ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಸಂದುಗೊಂದಿನಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಎಂಜಿನ್ ಬಿಚ್ಚಿ ಒರೆಸಿ ಜೋಡಿಸಿದಾಗ ಮಾತ್ರ ಆ ಜಾಗವೂ ಖಾಲಿ. ಬರೀ ಆಯಿಲ್ ಬದಲಿಸುವವರು ಸಣ್ಣ ಅಂಕಿಯನ್ನೇ ನೋಡಬೇಕು. ಬಹಳಷ್ಟು ಸ್ಕೂಟರುಗಳಲ್ಲಿ ಒಟ್ಟು ಹಿಡಿಸುವುದೇ ಒಂದು ಲೀಟರಿಗಿಂತ ಕಡಿಮೆ, ಅದರಲ್ಲಿ ನೂರು ಮಿಲಿ ಜಾಸ್ತಿಯಾದರೂ ದೊಡ್ಡ ವ್ಯತ್ಯಾಸವೇ.

ಅಕ್ಕಪಕ್ಕದ ಸಾಲು ಓದಿಬಿಡುವುದೂ ಉಂಟು. ಕಾರಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಬೇರೆ. ಸ್ಕೂಟರಿನಲ್ಲೂ ಹಿಂದಿನ ಚಕ್ರದ ಹತ್ತಿರ ಸ್ವಲ್ಪ ಗೇರ್ ಆಯಿಲ್ ಬೇರೆಯೇ ಇರುತ್ತದೆ. ಈಗಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಹಳೇ ಕಾಸ್ಟ್ ಐರನ್ ಬುಲೆಟ್ ಇದ್ದವರಿಗೆ ಮೂರಕ್ಕೂ ಬೇರೆ ಬೇರೆ. ಹೊರದೇಶದ ಪುಸ್ತಕವೋ ವಿಡಿಯೋವೋ ಆದರೆ ಅಂಕಿ ಕ್ವಾರ್ಟ್‌ನಲ್ಲಿ ಇರಬಹುದು. ಅಮೆರಿಕದ ಒಂದು ಕ್ವಾರ್ಟ್ ಅಂದರೆ 946 ಮಿಲಿ, ಬ್ರಿಟನ್ನಿನದಾದರೆ 1,137 ಮಿಲಿ.

ಎಷ್ಟು ಇಳಿಯಿತೋ ಅಷ್ಟೇ ಹಾಕಬಹುದಲ್ಲ?

ಈ ಸಲಹೆ ಎಲ್ಲರ ಬಾಯಲ್ಲೂ ಇದೆ, ಕೇಳಲು ಸರಿ ಅನಿಸುತ್ತದೆ. ಆದರೆ ಎಂಜಿನ್ ಓಡುತ್ತಾ ಓಡುತ್ತಾ ಸ್ವಲ್ಪ ಆಯಿಲ್ ಸುಡುತ್ತದೆ, ಎಲ್ಲೋ ಜಿನುಗಿಯೂ ಇರುತ್ತದೆ. ಮೂರು ಲೀಟರ್ ಇರಬೇಕಾದಲ್ಲಿ ಎರಡೂಕಾಲು ಇಳಿಯಿತು ಅಂತ ಎರಡೂಕಾಲೇ ಹಾಕಿದರೆ ಹಳೇ ಕೊರತೆಯನ್ನೇ ಮುಂದುವರಿಸಿದ ಹಾಗಾಯಿತು. ಇಳಿದಿದ್ದನ್ನು ಅಳೆಯಿರಿ, ಬೇಡ ಅನ್ನುವುದಿಲ್ಲ. ಅದು ಎಂಜಿನ್ ಎಷ್ಟು ಆಯಿಲ್ ತಿನ್ನುತ್ತಿದೆ ಅಂತ ತಿಳಿಯಲು ಉಪಯೋಗಕ್ಕೆ ಬರುತ್ತದೆ, ಹೊಸ ಆಯಿಲ್ ಅಳತೆಗೆ ಬರುವುದಿಲ್ಲ.

ಹಾಕುವ ಕ್ರಮ

ಎಂಜಿನ್ ಐದು ನಿಮಿಷ ಓಡಿಸಿ, ಆಯಿಲ್ ಬಿಸಿಯಾಗಿ ತೆಳ್ಳಗಾಗಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮಲೆನಾಡಿನ ಕಡೆ ಇದೇ ಕಷ್ಟ, ಮನೆ ಮುಂದಿನ ದಾರಿಯೆಲ್ಲ ಇಳಿಜಾರು. ಕಣ್ಣಿಗೆ ಸಪಾಟಾಗಿ ಕಂಡರೂ ಅನುಮಾನ ಇದ್ದರೆ ನೆಲದ ಮೇಲೆ ಒಂದು ಚೊಂಬು ನೀರು ಸುರಿದು ಯಾವ ಕಡೆ ಓಡುತ್ತದೆ ನೋಡಿ. ಅಡಿಕೆ ಒಣಗಿಸುವ ಅಂಗಳ ಸಮ ಇರುತ್ತದೆ ಅಂತ ಅಲ್ಲಿಗೆ ಗಾಡಿ ತರುವುದಾದರೆ ಅಡಿಗೆ ದಪ್ಪ ತಾಡಪತ್ರಿ ಹಾಸಿ, ಆಯಿಲ್ ಕಲೆ ಹೋಗುವುದಿಲ್ಲ.

ಡ್ರೈನ್ ಬೋಲ್ಟ್ ಬಿಚ್ಚಿ ಕಾಲು ಗಂಟೆ ಬಿಡಿ. ಫಿಲ್ಟರ್ ಬದಲಿಸುವುದಾದರೆ ಹೊಸದರ ರಬ್ಬರಿಗೆ ಸ್ವಲ್ಪ ಹೊಸ ಆಯಿಲ್ ಸವರಿ ಕೂರಿಸಿ. ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಈಗ ಪುಸ್ತಕದಲ್ಲಿ ಫಿಲ್ಟರ್ ಸೇರಿ 3.1 ಲೀಟರ್ ಅಂತಿದೆ ಅಂದುಕೊಳ್ಳಿ. ಒಂದೇ ಸಲ 3.1 ಸುರಿಯಬೇಡಿ, ಗೆರೆ ಇರುವ ಜಗ್ಗಿನಲ್ಲಿ ಅಳೆದು 2.7 ಹಾಕಿ. ಮುಚ್ಚಳ ಹಾಕಿ ಎಂಜಿನ್ ಒಂದು ನಿಮಿಷ ಸುಮ್ನೆ ಓಡಲಿ, ಆಗ ಫಿಲ್ಟರಿನೊಳಗೂ ಆಯಿಲ್ ತುಂಬುತ್ತದೆ. ಬಂದ್ ಮಾಡಿ ಐದರಿಂದ ಹತ್ತು ನಿಮಿಷ ಕಾಯಿರಿ, ಮೇಲಿರುವ ಆಯಿಲ್ ಚೇಂಬರಿಗೆ ಇಳಿದು ಬರಬೇಕು.

ಆಮೇಲೆ ಕಡ್ಡಿ. ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಕಡ್ಡಿಯ ತುದಿಯಲ್ಲಿ ಎರಡು ತೂತೋ, ಕಚ್ಚೋ, ಗೆರೆಯೋ ಇರುತ್ತದೆ, ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ಹೊಸ ಆಯಿಲ್ ತಿಳಿ ಬಣ್ಣ, ಕಡ್ಡಿಯ ಮೇಲೆ ಎಲ್ಲಿಗೆ ನಿಂತಿದೆ ಅಂತ ಬೇಗ ಕಾಣುವುದಿಲ್ಲ. ಬಿಳಿ ಕಾಗದದ ಎದುರು ಹಿಡಿದು ಬೆಳಕಿಗೆ ಸ್ವಲ್ಪ ಓರೆ ಮಾಡಿ ನೋಡಿ, ಒದ್ದೆಯ ಅಂಚು ಹೊಳೆಯುತ್ತದೆ. ಕೊಳವೆಯ ಗೋಡೆಗೆ ತಾಗಿ ಒಂದು ಬದಿಯಲ್ಲಿ ಆಯಿಲ್ ಎಳೆಯಾಗಿ ಮೇಲೆ ಹೋಗಿರಬಹುದು. ಹಾಗಾಗಿ ಎರಡೂ ಬದಿ ನೋಡಿ, ಕಡಿಮೆ ತೋರಿಸುವ ಬದಿಯನ್ನು ನಂಬಿ. ಸಣ್ಣ ಕಾರುಗಳಲ್ಲಿ ಈ ಎರಡು ಗುರುತುಗಳ ನಡುವೆ ಸುಮಾರು ಮುಕ್ಕಾಲರಿಂದ ಒಂದು ಲೀಟರ್ ಅಂತರ ಇರುತ್ತದೆ. ಉಳಿದಿದ್ದನ್ನು ನೂರು, ಇನ್ನೂರು ಮಿಲಿಯಂತೆ ಹಾಕುತ್ತಾ, ಮಧ್ಯೆ ಕಾಯುತ್ತಾ, ಮೇಲಿನ ಗುರುತಿನ ಹತ್ತಿರ ತಂದು ನಿಲ್ಲಿಸಿ. ದಾಟಬೇಡಿ. ಪುಸ್ತಕದಲ್ಲಿ ಇನ್ನೂ ನೂರು ಮಿಲಿ ಬಾಕಿ ಇದ್ದರೂ ಕಡ್ಡಿ ಸಾಕು ಅಂದರೆ ಸಾಕು.

ಬೈಕಾದರೆ ಡಬಲ್ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿಯೇ ನೋಡಬೇಕು, ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕಡ್ಡಿಗೆ ತಿರುಪು ಇರುವ ಗಾಡಿಗಳಲ್ಲಿ ಕೆಲವಕ್ಕೆ ತಿರುಪದೆ ಸುಮ್ನೆ ಇಟ್ಟು ನೋಡಬೇಕು, ಕೆಲವಕ್ಕೆ ತಿರುಪಿಯೇ ನೋಡಬೇಕು. ಪುಸ್ತಕ ಹೇಳಿದ ಹಾಗೆ ಮಾಡಿ. ಕಡ್ಡಿ ಬದಲು ಗಾಜಿನ ಕಿಂಡಿ ಇದ್ದರೆ ಎರಡು ಗೆರೆಗಳ ನಡುವೆ ಆಯಿಲ್ ಕಾಣಬೇಕು.

ಎಂಜಿನ್ ಬದಲಾದ ಹಳೇ ಜೀಪು, ಎಲ್ಲೂ ಅಂಕಿ ಸಿಗದ ಗಾಡಿ ಇದ್ದರೂ ಕ್ರಮ ಇದೇ. ಕಡ್ಡಿಯಲ್ಲಿ ಮಟ್ಟ ಕಾಣುವ ತನಕ ಅಳೆದು ಹಾಕುತ್ತಾ, ಕನಿಷ್ಠ ದಾಟಿದ ಮೇಲೆ ಒಂದು ನಿಮಿಷ ಓಡಿಸಿ, ಗರಿಷ್ಠಕ್ಕೆ ತನ್ನಿ. ಆದರೆ ಆ ಕಡ್ಡಿ ಆ ಎಂಜಿನ್ನಿನದ್ದೇ ಹೌದೋ ಅಂತ ತಿಳಿದ ಮಿಸ್ತ್ರಿಗೆ ತೋರಿಸಿ. ಒಟ್ಟು ಎಷ್ಟು ಹಿಡಿಸಿತು ಅಂತ ಬಾನೆಟ್ಟಿನ ಒಳಗಡೆ ಪೇಂಟಿನಲ್ಲಿ ಬರೆದಿಡಿ.

ಜಾಸ್ತಿ ಬಿದ್ದುಹೋಯಿತಾ? ಗಾಡಿ ಓಡಿಸುವ ಮೊದಲೇ ತೆಗೆಯಿರಿ. ಡ್ರೈನ್ ಬೋಲ್ಟ್ ಸಡಿಲಿಸಿ ಸ್ವಲ್ಪ ಬಿಡಬಹುದು, ಅಥವಾ ಕಡ್ಡಿಯ ಕೊಳವೆಯಲ್ಲಿ ಸಣ್ಣ ಪೈಪ್ ಇಳಿಸಿ ದೊಡ್ಡ ಸಿರಿಂಜಿನಿಂದ ಎಳೆಯಬಹುದು.

ಹಾಕದೇ ಮಟ್ಟ ಏರಿದರೆ

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಆ ಫಿಲ್ಟರಿನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಊರೊಳಗೆ ಸಣ್ಣ ಸಣ್ಣ ಓಡಾಟವೇ ಜಾಸ್ತಿಯಾದರೆ ಆ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲ್‌ಗೆ ಸೇರಿ ಮಟ್ಟ ಗರಿಷ್ಠ ದಾಟಬಹುದು. ಆಗ ಸ್ವಲ್ಪ ತೆಗೆದು ಸರಿ ಮಾಡಿದೆ ಅಂದರೆ ಆಗುವುದಿಲ್ಲ, ಆಯಿಲ್ಲೇ ಬದಲಿಸಬೇಕು.

ಹೊಳೆ ಉಕ್ಕಿ ಗಾಡಿ ಮುಳುಗಿದ್ದರೆ ಇನ್ನೂ ಗಂಭೀರ. 2019ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿ, ಕಾಳಿ ದಂಡೆಯ ಊರುಗಳು ಮುಳುಗಿದ್ದು ನಮಗೆಲ್ಲ ನೆನಪಿದೆ. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ಕಡ್ಡಿ ಎಳೆದು ನೋಡಿ. ಮಟ್ಟ ಏರಿದ್ದರೆ, ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಸ್ಟಾರ್ಟ್ ಆಗದೇ ನಿಂತ ಗಾಡಿಯಲ್ಲಿ ನೀರು ಭಾರವಾದ್ದರಿಂದ ತಳದಲ್ಲೇ ಇರುತ್ತದೆ, ಕಡ್ಡಿಯ ಮೇಲೆ ಬರೀ ಚೆನ್ನಾದ ಆಯಿಲ್ ಕಾಣಬಹುದು. ಬಣ್ಣ ಚೆನ್ನಾಗಿದೆ ಅಂತ ಸುಮ್ಮನಾಗದೆ ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಕೊನೆಗೆ ಹಳೇ ಆಯಿಲ್. ಅದನ್ನು ಖಾಲಿಯಾದ ಕ್ಯಾನಿಗೇ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ಮರುಸಂಸ್ಕರಣೆಗೆ ಹೋಗುತ್ತದೆಯೇ ಅಂತ ಕೇಳಿಯೇ ಕೊಡಿ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಳಸಿದ ಆಯಿಲ್‌ಗೂ ಅನ್ವಯಿಸುತ್ತವೆ. ಒರಲೆಗೆ ಮದ್ದು ಅಂತ ಬೇಲಿಯ ಗೂಟಗಳಿಗೆ ಬಳಿಯುವುದು, ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಚೆಲ್ಲುವುದು ನಮ್ಮ ಕಡೆ ಇನ್ನೂ ನಡೆದಿದೆ. ಕರಾವಳಿಯಲ್ಲಿ ಮನೆಬಾವಿ ಅಂಗಳದಲ್ಲೇ ಇರುತ್ತದೆ, ಕೆಳಗೆ ಮರಳು, ಇಲ್ಲವೇ ತೂತು ತೂತಾದ ಚಿರೇಕಲ್ಲು. ಇಲ್ಲಿ ಚೆಲ್ಲಿದ ಆಯಿಲ್ ಮೊದಲ ಮಳೆಗೇ ಬಾವಿಯ ದಾರಿ ಹಿಡಿಯುತ್ತದೆ.