ಫೋನ್ ಸ್ಕ್ಯಾನ್ ಬಿಟ್ಟೆ, ಬಳೆ ಬಿಡಿಸಿದೆ

ಹೋದ ತಿಂಗಳು ಹೆಂಡತಿಯ ಬಳೆ ಮನೆಗೆ ಬಂದವು. ಮೂರು ತೊಲ. ಅಪ್ಪನ ಆಸ್ಪತ್ರೆ ಖರ್ಚಿಗೆ ಅಡವಿಟ್ಟು 1,20,000 ತಂದಿದ್ದೆ. ನೂರಕ್ಕೆ ಒಂದು ರೂಪಾಯಿ ಬಡ್ಡಿ. ತಿಂಗಳಿಗೆ 1,200 ಬಡ್ಡಿಗೇ ಹೋಗುತ್ತಿತ್ತು, ಅಸಲು ಹಾಗೇ ಕೂತಿತ್ತು. ನಾನು ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್‌ನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸಂಬಳ 24 ಸಾವಿರದ ಆಸುಪಾಸು. "ಈ ಪಗಾರದಾಗ ಬಂಗಾರ ಬಿಡಿಸಾಕ ಆಗಂಗಿಲ್ರೀ, ಮಾರಿ ಕೈ ತೊಳ್ಕೊಳ್ರಿ" ಅಂತ ಪಕ್ಕದ ಅಂಗಡಿಯವರು ಹೇಳಿದ್ದರು. ಆದರೂ ಬಿಡಿಸಿದೆ. ಅವರಿಗೂ ಪೇಡೆ ಕೊಟ್ಟು ಬಂದೆ.

ಮೊದಲು ಸೋತಿದ್ದನ್ನು ಹೇಳುತ್ತೇನೆ. ಖರ್ಚು ಬರೆದಿಡಿ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ದಿನವಿಡೀ ಬೇರೆಯವರ ಲೆಕ್ಕ ಬರೆಯುವವನು ನಾನು. ಮನೆ ಲೆಕ್ಕ ಮೂರು ತಿಂಗಳಿಗೇ ಸಾಕಾಯಿತು. ದುಡ್ಡು ಎಲ್ಲಿ ಹೋಯಿತು ಅಂತ ಪುಸ್ತಕ ಹೇಳುತ್ತದೆ, ಹೋಗುವುದನ್ನು ನಿಲ್ಲಿಸುವುದಿಲ್ಲ. ಆಮೇಲೆ ಚೀಟಿ ಹಾಕಿದೆ. ನಡೆಸುತ್ತಿದ್ದವರು ಎಂಟನೇ ತಿಂಗಳಿಗೆ ಊರು ಬಿಟ್ಟರು. ನನ್ನ 16 ಸಾವಿರ ಮುಳುಗಿತು. ಒಗ್ಗರಣಿ-ಮಿರ್ಚಿ (ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ) ಬಿಡುತ್ತೇನೆ ಅಂತ ಮಕ್ಕಳ ಮುಂದೆ ಹೇಳಿದ್ದು ಒಂಬತ್ತು ದಿನ ನಡೆಯಿತು. ದಿನಾ ಮಿರ್ಚಿ ಅಂಗಡಿಗಳಿರುವ ತೀನ್ ಕಂದೀಲ್ ಸರ್ಕಲ್ ದಾಟಿ ಬರುವವನಿಗೆ ಅದು ಆಗುವ ಮಾತಲ್ಲ ಬಿಡಿ.

ಕೊನೆಗೆ ದಾರಿ ತೋರಿಸಿದ್ದು ಹೆಂಡತಿ. "ನೋಡ್ರೀ, ನೋಟು ಮುರಿಸಾಕ ಹೊಟ್ಟಿ ಉರಿತೈತಿ. ಫೋನ್ ತೋರ್ಸಾಕ ಏನೂ ಅನ್ಸಂಗಿಲ್ಲ" ಅಂದಳು. ಹಿಂದಿನ ತಿಂಗಳ ಬ್ಯಾಂಕ್ ಲೆಕ್ಕ ತೆಗೆದು ನೋಡಿದೆ. ಹತ್ತು, ಇಪ್ಪತ್ತು, ನಲವತ್ತು ಅಂತ ನೂರಕ್ಕೂ ಜಾಸ್ತಿ ಸಲ ಹೋಗಿತ್ತು. ಬಾಡಿಗೆ, ಫೀಸು ಬಿಟ್ಟು ಉಳಿದ ಖರ್ಚೆಲ್ಲ ಸೇರಿ ಸುಮಾರು 16 ಸಾವಿರ.

ಅವತ್ತೇ ಫೋನ್ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ನಿಲ್ಲಿಸಿದೆ. ಪ್ರತಿ ಸೋಮವಾರ 2,500 ನಗದು ತೆಗೆದು ಹೆಂಡತಿಯ ಕೈಗೆ ಕೊಡುವುದು. ನನ್ನ ಚಹಾ, ಪೆಟ್ರೋಲ್ ಕೂಡ ಅದರಲ್ಲೇ. ಭಾನುವಾರ ಉಳಿದಿದ್ದು ಅಡವಿನ ಅಸಲಿಗೆ. ಮೊದಲ ವಾರ ಗುರುವಾರಕ್ಕೇ ಖಾಲಿ. ಶುಕ್ರವಾರದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಇಷ್ಟೇ. ಆದರೂ ಎಟಿಎಂ ಕಡೆ ಹೋಗಲಿಲ್ಲ. ಮೂರನೇ ವಾರದಿಂದ ಹತ್ತಿಪ್ಪತ್ತು ಉಳಿಯಿತು. ಆರನೇ ತಿಂಗಳ ಹೊತ್ತಿಗೆ, ಖಾತೆಯಲ್ಲಿ ಉಳಿದಿದ್ದೂ ಸೇರಿ, ತಿಂಗಳಿಗೆ ಐದು ಸಾವಿರ ಅಸಲಿಗೆ ಹೋಗತೊಡಗಿತು.

ಅಕ್ಕಿಯದು ಬೇರೆ ಕಥೆ. ಗಂಜ್‌ನಲ್ಲೇ ಕೂತು ತಿಂಗಳಿಗೊಂದು ಚೀಲ ಸೋನಾ ಮಸೂರಿ ಅಂಗಡಿಯಿಂದ ತರುತ್ತಿದ್ದೆ, ಕಿಲೋಗೆ 56 ಕೊಟ್ಟು! ಮೊದಲ ವರ್ಷ ಸುಗ್ಗಿಯಲ್ಲಿ ಒಮ್ಮೆಗೇ ಮೂರು ಕ್ವಿಂಟಲ್ ಅಕ್ಕಿ ತಂದೆ. ಹೊಸ ಅಕ್ಕಿ, ಅನ್ನ ಮುದ್ದೆ ಮುದ್ದೆ. ಬೇಸಿಗೆಗೆ ನುಸಿ ಬಿತ್ತು. ಬೈಸಿಕೊಂಡೆ. ಎರಡನೇ ವರ್ಷ ಅಕ್ಕಿ ಬಿಟ್ಟು ಭತ್ತ ತಂದೆ. ಸಿಂಧನೂರು ಕಡೆಯ ರೈತರೊಬ್ಬರಿಂದ 75 ಕಿಲೋದ ಆರು ಚೀಲ. ಭತ್ತ ಇಟ್ಟಷ್ಟೂ ಹಳೆಯದಾಗುತ್ತದೆ, ಹುಳದ ಕಾಟವೂ ಕಡಿಮೆ. ನಾಲ್ಕು ತಿಂಗಳು ಬಿಟ್ಟು ಅರ್ಧ, ಆಮೇಲೆ ಅರ್ಧ ಮಿಲ್ ಮಾಡಿಸಿದೆ. ಚೀಲಕ್ಕೆ ಹತ್ತಿರ ಹತ್ತಿರ 48 ಕಿಲೋ ಅಕ್ಕಿ ಬಂತು. ಆಟೋ, ಮಿಲ್ಲಿನ ಕೂಲಿ ಎಲ್ಲ ಸೇರಿ 12 ಸಾವಿರ ಬಿದ್ದಿರಬೇಕು. ಕಿಲೋಗೆ 41-42. ಯಾವ ಮಿಲ್, ಯಾವ ವಾರ ಅಂತ ಕೇಳಬೇಡಿ. ಅದನ್ನು ಹೇಳಿದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ.

ಕರೆಂಟ್‌ನಲ್ಲೂ ಒಂದು ಪೆಟ್ಟು ತಿಂದೆ. ಗೃಹಜ್ಯೋತಿಯ ಉಚಿತ ಕರೆಂಟ್ ಇದೆ ಅಂತ ಮೇ ತಿಂಗಳಲ್ಲಿ ಕೂಲರ್ ಹಗಲು-ರಾತ್ರಿ ಬಿಟ್ಟೆ. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ವಾ. 215 ಯೂನಿಟ್ ಆಯಿತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ದಾಟಿದ 15ಕ್ಕೆ ಮಾತ್ರ ಅಲ್ಲ. ಸಾವಿರದ ಏಳುನೂರು ಚಿಲ್ಲರೆ. ಈಗ ಬಿಲ್ ಆದ ಇಪ್ಪತ್ತನೇ ದಿನ ಮೀಟರ್ ನೋಡುತ್ತೇನೆ. 130 ದಾಟಿದ್ದರೆ ಆ ರಾತ್ರಿಯಿಂದ ಎಲ್ಲರೂ ಮಾಳಿಗೆ ಮೇಲೆ ಮಲಗುವುದು. ಫ್ರಿಜ್ ಆರಿಸಿ ಮಣ್ಣಿನ ಗಡಿಗೆಯಲ್ಲೂ ಒಂದು ತಿಂಗಳು ನೋಡಿದೆ. ನೀರೇನೋ ತಣ್ಣಗಾಯಿತು, ಮೊಸರು ಮಧ್ಯಾಹ್ನಕ್ಕೇ ಹುಳಿ. ಮಗಳು ಎರಡು ದಿನ ಮಾತು ಬಿಟ್ಟಳು. ಫ್ರಿಜ್ ಮತ್ತೆ ಶುರುವಾಯಿತು.

ಈಗ ಅದೇ ಐದು ಸಾವಿರ ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿಗೆ ಹೋಗುತ್ತಿದೆ, ಮಗಳ ಡಿಪ್ಲೊಮಾ ಖರ್ಚಿಗೆ. ಪಕ್ಕದ ಅಂಗಡಿಯವರು ಮೊನ್ನೆ ಬಂದು, "ಸೋಮವಾರನಾ ಯಾಕ, ಶನಿವಾರ ತಗದ್ರ ಆಗಂಗಿಲ್ಲೇನು?" ಅಂತ ಕೇಳಿದರು. ಶನಿವಾರ ತೆಗೆದರೆ ಭಾನುವಾರದ ಮಟನ್‌ಗೇ ಅರ್ಧ ಹೋಗುತ್ತದೆ ಅಂದೆ. ಒಗ್ಗರಣಿ-ಮಿರ್ಚಿ ತರಿಸಿದರು. ದುಡ್ಡು ಅವರೇ ಕೊಟ್ಟರು, ಸ್ಕ್ಯಾನ್ ಮಾಡಿ.