ವಾಷಿಂಗ್ ಮಷೀನ್‌ನಲ್ಲಿ ಅದೇ ತೊಂದರೆ ಮತ್ತೆ ಮತ್ತೆ ಬಂದರೆ ಎಲ್ಲೆಲ್ಲಿ ಹುಡುಕಬೇಕು

ನೀರು ಒಳಬಿಡುವ ಇನ್‌ಲೆಟ್ ವಾಲ್ವ್ ಹಾಕಿಸಿ ಆರು ತಿಂಗಳಾಗಿಲ್ಲ, ಮತ್ತೆ ನೀರು ಬರುತ್ತಿಲ್ಲ. ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್ ಹೊಸದು, ಆದರೂ ಮೋಟಾರ್ ಗುಂಯ್ ಅನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಪಾರ್ಟ್ ಡೂಪ್ಲಿಕೇಟ್ ಎಂದು ಬೈಯುವುದು ಸುಲಭ, ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಒಂದೇ ಪಾರ್ಟ್ ಎರಡನೇ ಸಲ ಕೈಕೊಟ್ಟಿತೆಂದರೆ ಬಹುಪಾಲು ರೋಗ ಅದರೊಳಗಿಲ್ಲ. ಅದಕ್ಕೆ ಬರುವ ನೀರಿನಲ್ಲಿ, ಕರೆಂಟಿನಲ್ಲಿ ಅಥವಾ ಮಷೀನ್ ನಿಂತ ನೆಲದಲ್ಲಿ ಇರುತ್ತದೆ. ಇಲ್ಲಿ ಹೇಳುವುದು ಮುಖ್ಯವಾಗಿ 6ರಿಂದ 8 ಕೆಜಿಯ ಟಾಪ್ ಲೋಡ್ ಫುಲ್ಲಿ ಆಟೊಮ್ಯಾಟಿಕ್ ಬಗ್ಗೆ. ಫ್ರಂಟ್ ಲೋಡ್ ಎಲ್ಲಿ ಬೇರೆಯೋ ಅಲ್ಲಿ ಅದನ್ನೂ ಸೇರಿಸಿದೆ.

ಕೈ ಹಾಕುವ ಮೊದಲು ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಹಳೇ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುವುದುಂಟು. ಕೆಪಾಸಿಟರ್ ಮುಟ್ಟುವುದಿದ್ದರೆ ಹಳೇ ಫಿಲಮೆಂಟ್ ಬಲ್ಬಿನ ಹೋಲ್ಡರ್ ವೈರುಗಳನ್ನು ಅದರ ಎರಡು ತುದಿಗೆ ಹಿಡಿದು ಚಾರ್ಜ್ ಇಳಿಸಿ. ಮಲ್ಟಿಮೀಟರ್, ಒಂದಡಿಯ ರಸಮಟ್ಟ, 10 ಎಂಎಂ ಬಾಕ್ಸ್ ಸ್ಪ್ಯಾನರ್, ಇಕ್ಕಳ, ಹಳೇ ಟೂತ್‌ಬ್ರಷ್ ಇದ್ದರೆ ಮುಕ್ಕಾಲು ಪಾಲು ಪರೀಕ್ಷೆ ಮನೆಯಲ್ಲೇ ಆಗುತ್ತದೆ.

ನೀರು ತುಂಬುವುದಿಲ್ಲ, ಅಥವಾ ತುಂಬುವುದು ನಿಲ್ಲುವುದೇ ಇಲ್ಲ

ಎಲ್‌ಜಿ ಮಷೀನ್‌ನಲ್ಲಿ ‘ಐಇ’, ಸ್ಯಾಮ್‌ಸಂಗ್‌ನಲ್ಲಿ ‘4ಸಿ’ ಅಥವಾ ‘4ಇ’ ಬಂದರೆ ನೀರು ಸಮಯಕ್ಕೆ ಸರಿಯಾಗಿ ತುಂಬಲಿಲ್ಲ ಎಂದರ್ಥ. ಮೊದಲು ಲೆಕ್ಕ ಹಾಕಬೇಕಾದ್ದು ಎತ್ತರವನ್ನು. ಹೆಚ್ಚಿನ ಮಷೀನ್‌ಗಳಿಗೆ ಕನಿಷ್ಠ 0.3 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ, ಹಾಗಾಗಿ ಟ್ಯಾಂಕಿನ ನೀರಿನ ಮಟ್ಟ ಮಷೀನ್‌ನ ಇನ್‌ಲೆಟ್‌ಗಿಂತ 3 ಮೀಟರ್ ಆದರೂ ಮೇಲಿರಬೇಕು. ಮಹಡಿ ಮನೆಯ ಮೇಲಿನ ಅಂತಸ್ತಿನಲ್ಲಿ ಮಷೀನ್ ಇಟ್ಟು, ಟ್ಯಾಂಕನ್ನು ನೇರ ತಾರಸಿಯ ಮೇಲೆ ಕೂರಿಸಿದ್ದರೆ ಈ ಲೆಕ್ಕ ತಪ್ಪುತ್ತದೆ: ಇನ್‌ಲೆಟ್ ನೆಲದಿಂದ 1 ಮೀಟರ್, ತಾರಸಿ 3 ಮೀಟರ್, ಉಳಿದದ್ದು 2 ಮೀಟರ್ ಮತ್ತು ಟ್ಯಾಂಕಿನೊಳಗೆ ಎಷ್ಟು ನೀರಿದೆಯೋ ಅಷ್ಟು. ಟ್ಯಾಂಕ್ ತುಂಬಿದಾಗ ಮಷೀನ್ ನಡೆಯುತ್ತದೆ, ಅರ್ಧಕ್ಕಿಳಿದಾಗ ಎರರ್ ತೋರಿಸುತ್ತದೆ. ಕೆಳಗಿನ ಮನೆಯವರಿಗೆ ಇಲ್ಲದ ತೊಂದರೆ ಮೇಲಿನವರಿಗೆ ಬರುವುದು ಇದಕ್ಕೇ.

ಖಾತ್ರಿ ಮಾಡಿಕೊಳ್ಳಲು ಹೋಸ್‌ನ ಮಷೀನ್ ಕಡೆಯ ತುದಿ ಬಿಚ್ಚಿ, ಅದೇ ಎತ್ತರದಲ್ಲಿ ಹಿಡಿದು 10 ಲೀಟರ್ ಬಕೆಟ್ ತುಂಬಿಸಿ. ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ವಾಲ್ವ್ ಬದಲಿಸಿ ಪ್ರಯೋಜನವಿಲ್ಲ. ಟ್ಯಾಂಕಿಗೆ ಒಂದು ಮೀಟರ್ ಸ್ಟ್ಯಾಂಡ್ ಮಾಡಿಸಿ, ಇಲ್ಲವೇ ಫ್ಲೋ ಸ್ವಿಚ್ ಇರುವ ಸಣ್ಣ ಬೂಸ್ಟರ್ ಪಂಪ್ ಹಾಕಿಸಿ.

ಒತ್ತಡ ಸರಿಯಿದ್ದರೆ ಜಾಲರಿ ನೋಡಿ. ವಾಲ್ವಿನ ಬಾಯಲ್ಲಿ ಪ್ಲಾಸ್ಟಿಕ್ ಜಾಲರಿ ಇರುತ್ತದೆ, ಕೆಲವು ಹೋಸ್‌ಗಳಲ್ಲಿ ನಲ್ಲಿಯ ಕಡೆಗೂ ಇನ್ನೊಂದು. ನಡುವಿನ ಕಿವಿಯನ್ನು ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ, ಬ್ರಷ್‌ನಿಂದ ಉಜ್ಜಿ. ಬಿಳಿ ಕಿಟ್ಟ ಕಟ್ಟಿದ್ದರೆ ಸಿಟ್ರಿಕ್ ಆಸಿಡ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಪದೇ ಪದೇ ಕಟ್ಟುತ್ತದೆಂದು ಜಾಲರಿಯನ್ನೇ ತೆಗೆದು ಬಿಸಾಡುವವರಿದ್ದಾರೆ. ವಾಲ್ವ್ ಬೇಗ ಸಾಯಿಸುವ ದಾರಿ ಅದು. ವಾಲ್ವಿನೊಳಗಿನ ರಬ್ಬರ್ ಡಯಾಫ್ರಮ್‌ನಲ್ಲಿ ಸೂಜಿಮೊನೆಯಷ್ಟು ತೂತಿದೆ. ಅದರ ಮೂಲಕ ಮೇಲಕ್ಕೆ ಹೋದ ನೀರಿನ ಒತ್ತಡವೇ ಡಯಾಫ್ರಮ್ಮನ್ನು ಒತ್ತಿ ವಾಲ್ವ್ ಮುಚ್ಚುತ್ತದೆ. ಬೋರ್‌ವೆಲ್ ಮರಳಿನ ಒಂದು ಕಣ ಅಲ್ಲಿ ಸಿಕ್ಕಿಕೊಂಡರೆ ವಾಲ್ವ್ ತೆರೆದೇ ಉಳಿಯುತ್ತದೆ. ಒತ್ತಡ ತೀರಾ ಕಡಿಮೆಯಾದರೂ ಪೂರ್ತಿ ಮುಚ್ಚುವುದಿಲ್ಲ.

ರಾತ್ರಿ ಆರಿಸಿದ ಮಷೀನ್‌ನ ಡ್ರಮ್ಮಿನಲ್ಲಿ ಬೆಳಗ್ಗೆ ನೀರು ನಿಂತಿದೆಯೇ? ಪ್ಲಗ್ ಕಿತ್ತು ನಲ್ಲಿ ತೆರೆದಿಡಿ. ಆಗಲೂ ಒಳಗೆ ತೊಟ್ಟಿಕ್ಕಿದರೆ ವಾಲ್ವೇ ಕೆಟ್ಟಿದೆ. ಪ್ಲಗ್ ಕಿತ್ತಾಗ ನಿಂತು, ಪ್ಲಗ್ ಹಾಕಿ ಸ್ವಿಚ್ ಒತ್ತಿದ ಕೂಡಲೇ ಮತ್ತೆ ಶುರುವಾದರೆ ಮಷೀನ್‌ನ ಕಂಟ್ರೋಲ್ ಬೋರ್ಡ್ ವಾಲ್ವಿಗೆ ಸದಾ ಕರೆಂಟ್ ಬಿಡುತ್ತಿದೆ. ಹೊಸ ವಾಲ್ವ್ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ವಾಲ್ವಿನ ಕಾಯಿಲ್‌ಗೆ ಮೀಟರ್ ಹಿಡಿದರೆ ಸಾಮಾನ್ಯವಾಗಿ 3ರಿಂದ 5 ಕಿಲೊ ಓಮ್ ಸಿಗಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ನೀರು ಬಾರದೆ ಹೊತ್ತುಗಟ್ಟಲೆ ಕರೆಂಟಿನಲ್ಲೇ ನಿಂತ ಕಾಯಿಲ್ ಕಾದು ಸುಡುತ್ತದೆ, ಅಂದರೆ ಮತ್ತೆ ಒತ್ತಡದ ಲೆಕ್ಕಕ್ಕೇ ಬಂದಂತಾಯಿತು.

ತುಂಬುತ್ತಲೇ ಹೋಗುವ ನೀರು, ಖಾಲಿಯಾಗದ ನೀರು

ವಾಲ್ವ್ ಸರಿಯಿದ್ದೂ ನೀರು ಮೇಲಿನವರೆಗೆ ಏರಿದರೆ ಲೆವೆಲ್ ಸೆನ್ಸರ್‌ನ ಸಪೂರ ಟ್ಯೂಬ್ ನೋಡಿ. ಟಬ್ಬಿನ ಬುಡದ ಗಾಳಿಗೂಡಿನಿಂದ ಮೇಲಿನ ಸೆನ್ಸರ್‌ಗೆ ಹೋಗುವ ಈ ಟ್ಯೂಬಿನಲ್ಲಿರುವುದು ಗಾಳಿ ಮಾತ್ರ. ಸೋಪಿನ ಗಸಿ ಬುಡದಲ್ಲಿ ಕಟ್ಟಿಕೊಂಡರೆ, ಅಥವಾ ಟ್ಯೂಬಿನಲ್ಲಿ ಎಲ್ಲೋ ಒಂದು ಬಿರುಕಿದ್ದರೆ, ಮಷೀನ್‌ಗೆ ನೀರಿನ ಮಟ್ಟ ತಿಳಿಯುವುದಿಲ್ಲ. ಸೆನ್ಸರ್ ಕಡೆಯಿಂದ ಟ್ಯೂಬ್ ಕಳಚಿ, ಟಬ್ಬಿನ ಕಡೆಗೆ ಊದಿ. ಸೆನ್ಸರ್ ಒಳಗೆ ಊದಬೇಡಿ.

ಒಂದು ಕಡೆ ತುಂಬುತ್ತಾ ಇನ್ನೊಂದು ಕಡೆ ಸೋರುವುದು ಬೇರೆ ತೊಂದರೆ. ವಾಶ್ ನಡೆಯುವಾಗ ಡ್ರೈನ್ ಹೋಸ್‌ನಲ್ಲಿ ಸಣ್ಣಗೆ ನೀರು ಹರಿಯುತ್ತಿದ್ದರೆ ಹೋಸ್‌ನ ತುದಿಯನ್ನು ಮಷೀನ್‌ನ ಮೇಲಂಚಿಗೆ ಎತ್ತಿ ಕಟ್ಟಿ ನೋಡಿ. ಆಗ ನೀರಿನ ಮಟ್ಟ ನಿಂತರೆ ಡ್ರೈನ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಹಿಂದಿನ ತಗಡು ತೆಗೆದು ಅದರ ಮುಚ್ಚಳ ತಿರುಗಿಸಿದರೆ ಒಳಗೆ ಸಿಗುವುದು ಒಂದು ರೂಪಾಯಿ ನಾಣ್ಯ, ಹೇರ್‌ಪಿನ್, ಲಂಗದ ಲಾಡಿಯ ತುಂಡು, ಬ್ರಾದ ತಂತಿ. ಲಾಡಿ ಇರುವ ಬಟ್ಟೆಯನ್ನು ಗಂಟು ಹಾಕಿ ನೆಟ್ ಚೀಲದಲ್ಲಿ ಹಾಕದಿದ್ದರೆ ಇದು ಮತ್ತೆ ಬಂದೇ ಬರುತ್ತದೆ.

ಹೆಚ್ಚಿನ ಟಾಪ್ ಲೋಡ್‌ಗಳಲ್ಲಿ ಪಂಪ್ ಇಲ್ಲ. ಡ್ರೈನ್ ಮೋಟಾರ್ ಒಂದು ದಾರವನ್ನೋ ಸರಳನ್ನೋ ಎಳೆದು ವಾಲ್ವ್ ತೆರೆಯುತ್ತದೆ, ನೀರು ತಾನಾಗಿ ಇಳಿಯಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಅದೇ ಎಳೆತ ವಾಶ್‌ನಿಂದ ಸ್ಪಿನ್‌ಗೆ ಬದಲಿಸುವ ಕ್ಲಚ್ಚಿನ ಲಿವರನ್ನೂ ಎಳೆಯುತ್ತದೆ. ಹಾಗಾಗಿ ಎಳೆತ ಅರ್ಧಕ್ಕೆ ನಿಂತರೆ ನೀರೂ ನಿಧಾನ, ಡ್ರಮ್ಮೂ ತಿರುಗದು. ಸ್ಪಿನ್ ಆಗುತ್ತಿಲ್ಲ ಎಂದು ಮೋಟಾರ್ ಬಿಚ್ಚುವ ಮೊದಲು ಈ ದಾರ ಪೂರ್ತಿ ಎಳೆಯುತ್ತಿದೆಯೇ ನೋಡಿ. ಇನ್ನು ನೀರು ಖಾಲಿಯಾಗಲಿಲ್ಲ ಎಂಬ ಎರರ್, ಎಲ್‌ಜಿಯ ‘ಓಇ’ ಅಥವಾ ಸ್ಯಾಮ್‌ಸಂಗ್‌ನ ‘5ಸಿ’, ಪದೇ ಪದೇ ಬಂದರೆ ಕಾರಣ ಎಷ್ಟೋ ಸಲ ಮಷೀನ್‌ನ ಹೊರಗಿದೆ: ಬಚ್ಚಲ ಹೊಸ್ತಿಲು ಹತ್ತಿಸಿದ ಹೋಸ್, ಅದಕ್ಕೆ ಜೋಡಿಸಿದ ಸಪೂರ ಪೈಪು, ಗೋಡೆಗೆ ಒತ್ತಿ ಮಡಚಿದ ತಿರುವು. ಹೋಸ್ ನೆಲದ ಮೇಲೇ ಇರಬೇಕು, ಉದ್ದ ಆದಷ್ಟೂ ಕಡಿಮೆ ಇರಬೇಕು. ಫ್ರಂಟ್ ಲೋಡ್‌ಗೆ ಇದು ತಲೆಕೆಳಗು. ಅದರ ಹೋಸ್ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ತೂಗಬೇಕು, ಇಲ್ಲದಿದ್ದರೆ ತುಂಬಿದ ನೀರು ತಾನೇ ಇಳಿದುಹೋಗುತ್ತದೆ. ಕೆಳಗಿನ ಪಂಪ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ತೊಳೆಯಿರಿ.

ಸ್ಪಿನ್‌ನಲ್ಲಿ ಕುಣಿತ

‘ಯುಇ’ ಅಥವಾ ‘ಯುಬಿ’ ಬಂದರೆ ತೂಕ ಒಂದು ಕಡೆಗೆ ವಾಲಿದೆ. ಒಂಟಿ ಕಂಬಳಿ ಹಾಕಿದ್ದರೆ ಎರಡು ದಪ್ಪ ಟವೆಲ್ ಸೇರಿಸಿ. ರೈನ್‌ಕೋಟ್, ನೀರು ಇಳಿಯದ ಹಾಸಿಗೆ ಕವರ್ ಸ್ಪಿನ್‌ಗೆ ಹಾಕಲೇಬಾರದು. ಅದರ ಮಡಿಕೆಯಲ್ಲಿ ನಿಂತ ನೀರು ಪೂರ್ತಿ ವೇಗದಲ್ಲಿ ಒಮ್ಮೆಗೇ ಜಾರಿದರೆ ಡ್ರಮ್ ಬಾಡಿಯನ್ನೇ ಒಡೆಯುವಷ್ಟು ಬಡಿಯುತ್ತದೆ.

ಸಾಧಾರಣ ಬಟ್ಟೆಗೂ ಕುಣಿದರೆ ನೆಲ ನೋಡಿ. ಬಚ್ಚಲ ಟೈಲ್ಸ್ ಮೋರಿಯ ಕಡೆಗೆ ಇಳಿಜಾರಾಗಿಯೇ ಇರುತ್ತದೆ. ರಸಮಟ್ಟವನ್ನು ಎಡದಿಂದ ಬಲಕ್ಕೂ, ಮುಂದಿನಿಂದ ಹಿಂದಕ್ಕೂ ಇಟ್ಟು ಕಾಲು ತಿರುಗಿಸಿ ಸರಿಮಾಡಿ. ಆಮೇಲೆ ಲಾಕ್ ನಟ್ ಬಿಗಿ ಮಾಡಿ. ಇದನ್ನು ಬಿಟ್ಟರೆ ಕಾಲು ಅದುರಿ ಅದುರಿ ಮತ್ತೆ ಸಡಿಲವಾಗುತ್ತದೆ. ಚಕ್ರದ ಪ್ಲಾಸ್ಟಿಕ್ ಸ್ಟ್ಯಾಂಡ್ ಇದ್ದರೆ ಅದನ್ನು ತೆಗೆದು ಪರೀಕ್ಷಿಸಿ. ಫ್ರಂಟ್ ಲೋಡ್‌ಗಂತೂ ಅದು ಬೇಡವೇ ಬೇಡ. ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಹಾರಾಡಿದರೆ ಹಿಂಬದಿಯ ಸಾಗಣೆ ಬೋಲ್ಟುಗಳನ್ನು ತೆಗೆದಿಲ್ಲ.

ನೆಲವೂ ಸರಿ ಎಂದರೆ ಸಸ್ಪೆನ್ಷನ್ ರಾಡ್‌ಗಳು. ಟಬ್ ನಾಲ್ಕು ಮೂಲೆಯಲ್ಲಿ ನಾಲ್ಕು ರಾಡ್‌ಗಳಿಂದ ನೇತಾಡುತ್ತದೆ. ಖಾಲಿ ಟಬ್ಬನ್ನು ಕೆಳಕ್ಕೆ ಒತ್ತಿ ಬಿಡಿ: ಒಮ್ಮೆ ಮೇಲೆದ್ದು ನಿಲ್ಲಬೇಕು. ಮೂರು ನಾಲ್ಕು ಸಲ ತೂಗಿದರೆ ರಾಡಿನ ಬುಡದ ಪ್ಲಾಸ್ಟಿಕ್ ಬಟ್ಟಲು ಸವೆದಿದೆ. ನಾಲ್ಕನ್ನೂ ಸೆಟ್ ಆಗಿ ಬದಲಿಸಿ. ಒಂದನ್ನೇ ಬದಲಿಸಿದರೆ ಟಬ್ ಓರೆಯಾಗಿ ತೂಗಿ ಉಳಿದವು ಬೇಗ ಹೋಗುತ್ತವೆ. ಮೋಟಾರಿನ ಭಾರ ಒಂದು ಬದಿಗಿರುವ ಕಾರಣ ಕೆಲವು ಮಾಡೆಲ್‌ಗಳಲ್ಲಿ ಮೂಲೆಗೊಂದು ಬಣ್ಣದ ಸ್ಪ್ರಿಂಗ್ ಇರುತ್ತದೆ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕಿರುಗುಡುತ್ತದೆಂದು ಎಂಜಿನ್ ಆಯಿಲ್ ಸುರಿಯಬೇಡಿ, ಕುಣಿತ ತಡೆಯುವುದು ಅಲ್ಲಿನ ಘರ್ಷಣೆಯೇ.

ಇಷ್ಟಾದರೂ ಬಗ್ಗದಿದ್ದರೆ ಡ್ರಮ್ಮಿನ ಮೇಲಂಚಿನ ಬ್ಯಾಲೆನ್ಸ್ ರಿಂಗ್ ಅನುಮಾನಿಸಿ. ಅದರೊಳಗೆ ಉಪ್ಪುನೀರು ತುಂಬಿರುತ್ತದೆ. ಡ್ರಮ್ ಕೈಯಲ್ಲಿ ಅಲುಗಿಸಿದಾಗ ಕುಲುಕುವ ಸದ್ದು ಬರಬೇಕು. ರಿಂಗಿನ ಜೋಡಣೆಯ ಬಳಿ ಬಿಳಿ ಉಪ್ಪು ಒಸರಿದ್ದರೆ ನೀರು ಸೋರಿದೆ, ಏನೇ ಮಾಡಿದರೂ ಸಮತೂಕ ಬರದು. ಹಲವು ಮೆಕ್ಯಾನಿಕ್‌ಗಳು ಇದನ್ನು ನೋಡದೆ ರಾಡ್ ಮೇಲೆ ರಾಡ್ ಬದಲಿಸುತ್ತಾರೆ.

ಗುಂಯ್‌ಗುಟ್ಟುವ ಮೋಟಾರ್

ಮೊದಲು ವೋಲ್ಟೇಜ್, ಅದೂ ಮೋಟಾರ್ ಓಡುವಾಗ. ಸುಮ್ಮನಿದ್ದಾಗ 230 ತೋರಿಸುವ ಸಾಕೆಟ್ ಓಡುವಾಗ 180ಕ್ಕೆ ಕುಸಿದರೆ ಎಲ್ಲೋ ಜಾಯಿಂಟ್ ಸಡಿಲ, ಅಥವಾ ಸಪೂರ ಎಕ್ಸ್‌ಟೆನ್ಷನ್ ವೈರಿನ ತಪ್ಪು. ಆಮೇಲೆ ಕೆಪಾಸಿಟರ್: ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇ 10ಕ್ಕೂ ಹೆಚ್ಚು ಕಡಿಮೆ ಬಂದರೆ ಬದಲಿಸಿ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು, ಅದರ ಮೇಲೆ ಬರೆದ ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಸಾಮಾನ್ಯವಾಗಿ 450 ವೋಲ್ಟ್. ದೊಡ್ಡದು ಹಾಕಿದರೆ ಜೋರಾಗಿ ತಿರುಗೀತೆಂಬ ನಂಬಿಕೆ ತಪ್ಪು, ಮೋಟಾರಿನ ವೈಂಡಿಂಗ್ ಬಿಸಿಯಾಗುತ್ತದೆ ಅಷ್ಟೆ. ಮಷೀನ್ ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ. ಮೋಟಾರಿನ ಬೋಲ್ಟ್ ಸಡಿಲಿಸಿ ಹಿಂದಕ್ಕೆ ಎಳೆದು, ನಡುವೆ ಹೆಬ್ಬೆರಳಿಗೆ ಸುಮಾರು 10 ಎಂಎಂ ಬಗ್ಗುವಂತೆ ಬಿಗಿ ಮಾಡಿ. ಹೊಸ ಬೆಲ್ಟೂ ಜಾರಿದರೆ ಬೆಲ್ಟ್ ಬಿಚ್ಚಿ ಡ್ರಮ್ಮಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿ, ಜರಜರ ಎಂದು ತಿರುಗಿದರೆ ತಪ್ಪು ಬೇರಿಂಗ್‌ನದು.

ಮೋಟಾರ್ ನೇರ ಡ್ರಮ್ಮಿಗೇ ಜೋಡಿಸಿರುವ ಡೈರೆಕ್ಟ್ ಡ್ರೈವ್ ಇನ್ವರ್ಟರ್ ಮಷೀನ್‌ಗಳಲ್ಲಿ ಬೆಲ್ಟ್, ಈ ಬಗೆಯ ಕೆಪಾಸಿಟರ್ ಎರಡೂ ಇಲ್ಲ. ಎಲ್‌ಜಿಯಲ್ಲಿ ಮೋಟಾರ್ ತಿರುಗುತ್ತಿಲ್ಲ ಎನ್ನುವ ‘ಎಲ್ಇ’ ಬಂದರೆ ಮೋಟಾರಿನ ಕನೆಕ್ಟರ್ ಮತ್ತು ಮೋಟಾರ್ ತಿರುಗುವುದನ್ನು ಗುರುತಿಸುವ ಹಾಲ್ ಸೆನ್ಸರ್ ಮೊದಲು ನೋಡಿ. ಇಲಿ ಕಡಿಯುವುದೂ ಇಲ್ಲೇ. ಟಾಪ್ ಲೋಡ್‌ನ ಬುಡ ಬಯಲು. ಇಲಿ ತಗಡು ಹಾಕಿಸದೆ ವೈರಿಂಗ್ ಮಾತ್ರ ಸರಿಮಾಡಿಸಿದರೆ ಮುಂದಿನ ಬಿಲ್ಲಿಗೆ ಸಿದ್ಧರಾಗಿ. ಬಾಡಿ ಮುಟ್ಟಿದಾಗ ಜುಮ್ ಎಂದರೆ ಆ ಸಾಕೆಟ್ಟಿನ ಅರ್ತಿಂಗ್ ಸರಿಯಾಗುವವರೆಗೆ ಮಷೀನ್ ಹಾಕಲೇಬೇಡಿ.

ಬೇರಿಂಗ್ ಮತ್ತು ಸೀಲ್

ಸ್ಪಿನ್‌ನಲ್ಲಿ ಮಾತ್ರ ವಿಮಾನದ ಥರ ಮೊರೆತ, ಟಬ್ಬಿನ ನಡು ಬುಡದಿಂದ ತುಕ್ಕುಬಣ್ಣದ ನೀರು, ಬಟ್ಟೆಗೆ ಕಂದು ಜಿಡ್ಡಿನ ಕಲೆ: ಇವು ಒಂದೇ ಕಥೆಯ ಭಾಗಗಳು. ಮೊದಲು ಸೋರುವುದು ಶಾಫ್ಟ್ ಸುತ್ತಲಿನ ರಬ್ಬರ್ ಸೀಲ್, ಆ ನೀರಿಗೆ ತುಕ್ಕು ಹಿಡಿಯುವುದು ಬೇರಿಂಗ್. ಹಳೇ ಸೀಲ್ ಉಳಿಸಿಕೊಂಡು ಬೇರಿಂಗ್ ಮಾತ್ರ ಬದಲಿಸಿದರೆ ತಿಂಗಳುಗಳಲ್ಲೇ ಮತ್ತೆ ಮೊರೆಯುತ್ತದೆ. ಎರಡನ್ನೂ ಬದಲಿಸಿದ ಮೇಲೂ ಸೋರಿದರೆ ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿ. ಹಳೇ ಸೀಲಿನ ತುಟಿ ಉಜ್ಜಿ ಗೆರೆ ಬಿದ್ದಿದ್ದರೆ ಎಷ್ಟು ಸೀಲ್ ಹಾಕಿದರೂ ಆ ಗೆರೆಯಲ್ಲೇ ನೀರು ಇಳಿಯುತ್ತದೆ. ಆಗ ಶಾಫ್ಟ್ ಅಥವಾ ಪೂರ್ತಿ ಗೇರ್‌ಬಾಕ್ಸ್ ಬದಲಿಸಬೇಕು. ಬೇರಿಂಗ್ ಕೊಳ್ಳುವಾಗ ಹಳೆಯದರ ಮೇಲಿನ ನಂಬರ್, 6205, 6206 ಇತ್ಯಾದಿ, ಓದಿ ಅದನ್ನೇ ತನ್ನಿ. ಸೀಲಿನ ತುಟಿಗೆ ನೀರು ತಾಳುವ ಗ್ರೀಸ್ ಹಚ್ಚಿ. ಫ್ರಂಟ್ ಲೋಡ್‌ನಲ್ಲಿ ಡ್ರಮ್ಮಿನ ಹಿಂದಿರುವ ಮೂರು ಕಾಲಿನ ಅಲ್ಯೂಮಿನಿಯಂ ಸ್ಪೈಡರ್ ಸಹ ನೋಡಿ. ಸೋಪಿನ ಗಸಿಯಲ್ಲಿ ಕೂತು ಅದು ಪುಡಿಯಾಗುತ್ತದೆ.

ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಗಡಸು ಬೋರ್ ನೀರಿರುವ ಮನೆಗಳಲ್ಲಿ ತಿಂಗಳಿಗೊಮ್ಮೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಬಟ್ಟೆಯಿಲ್ಲದೆ, ಬಿಸಿನೀರಿನಲ್ಲಿ ಟಬ್ ಕ್ಲೀನ್ ಓಡಿಸಿ. ಅದೇ ಹೊತ್ತಿಗೆ ಬ್ಲೀಚ್ ಸೇರಿಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕೈಯಲ್ಲಿ ಒಗೆಯುವ ಪುಡಿಯನ್ನು ಮಷೀನ್‌ಗೆ ಹಾಕುವ ಅಭ್ಯಾಸವಿದ್ದರೆ ಬಿಡಿ. ನೊರೆ ಹೆಚ್ಚಾಗಿ ಲೆವೆಲ್ ಟ್ಯೂಬ್, ಡ್ರೈನ್ ಎರಡಕ್ಕೂ ಅಡ್ಡ ಬರುತ್ತದೆ.

ಯಾವ ರಿಪೇರಿಯಾದರೂ ಮುಗಿದ ಮೇಲೆ ಮಷೀನ್ ಕೆಳಗೆ ಹಳೇ ಪೇಪರ್ ಹಾಸಿ, ಖಾಲಿ ಡ್ರಮ್ಮಿನಲ್ಲಿ ಪೂರ್ತಿ ನೀರು ತುಂಬಿಸಿ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಡ್ರೈನ್ ಮತ್ತು ಸ್ಪಿನ್ ಓಡಿಸಿ. ನೀರು ನಿಂತಾಗಲೇ ಪೇಪರ್ ಒದ್ದೆಯಾದರೆ ಹೋಸ್, ಕ್ಲಿಪ್, ಸೀಲ್ ಈ ಮೂರರಲ್ಲಿ ಒಂದು. ಸ್ಪಿನ್ ಆದ ಮೇಲೆ ನಡುವಿನಲ್ಲಿ ಮಾತ್ರ ಒದ್ದೆಯಾದರೆ ಶಾಫ್ಟ್ ಸೀಲ್. ಮೆಕ್ಯಾನಿಕ್ ಬಂದಿದ್ದರೆ ಈ ಪರೀಕ್ಷೆ ಅವರೆದುರಿಗೇ ಆಗಲಿ, ಬಿಚ್ಚಿದ ಹಳೇ ಪಾರ್ಟನ್ನೂ ಕೇಳಿ ಇಟ್ಟುಕೊಳ್ಳಿ.